ಹಳೇ ಟಾಕೀಸಿನ ಗೋಡೆಗೆ ನಾನು ಅಂಟಿಸಿದ ದೇವರು

ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಈಗಲೂ ನಾವು ಹೇಳುವ ಗುರುತು ಒಂದೇ: ಹಳೇ ಟಾಕೀಸಿನ ಹಿಂದಿನ ರಸ್ತೆ. ಟಾಕೀಸು ಮುಚ್ಚಿ ಹನ್ನೆರಡು ವರ್ಷದ ಮೇಲಾಯಿತು. ಆಟೋದವರಿಗೆ, ಗ್ಯಾಸ್ ಸಿಲಿಂಡರ್ ತರುವವರಿಗೆ, ಕೊರಿಯರಿನವರಿಗೆ ಅದು ಇನ್ನೂ ಟಾಕೀಸೇ. ಹಿಂದಿನ ರಸ್ತೆಯಲ್ಲಿರುವ ನಮಗೆ ಮಾತ್ರ ಅದು ದಿನಬೆಳಗಾದರೆ ತಲೆನೋವು.

ಮಾಲೀಕರು ತೀರಿಕೊಂಡ ಮೇಲೆ ಅವರ ಇಬ್ಬರು ಗಂಡುಮಕ್ಕಳು ಕೋರ್ಟಿಗೆ ಹೋದರು. ಒಬ್ಬರಿಗೆ ಅಲ್ಲಿ ಮಾಲ್ ಕಟ್ಟಬೇಕು, ಇನ್ನೊಬ್ಬರಿಗೆ ಮದುವೆ ಛತ್ರ. ಎರಡೂ ಆಗಲಿಲ್ಲ. ಮುಂದಿನ ಗೇಟಿಗೆ ಬೀಗ ಬಿತ್ತು. ಸ್ಕೂಟರ್ ಸ್ಟ್ಯಾಂಡ್ ಇದ್ದ ಜಾಗದಲ್ಲಿ ಸೊಂಟದೆತ್ತರ ಕಳೆ ಬೆಳೆಯಿತು. ಒಂದು ಮಳೆಗಾಲದಲ್ಲಿ ಚಾವಣಿಯ ಶೀಟುಗಳು ಹಾರಿಹೋದವು, ಅಂದಿನಿಂದ ಮಳೆ ನೀರು ಸೀಟಿನ ಸಾಲುಗಳ ನಡುವೆ ನಿಲ್ಲುತ್ತದೆ. ಸೊಳ್ಳೆಗಳಿಗೆ ಅಲ್ಲಿ ವರ್ಷಪೂರ್ತಿ ಹೌಸ್‌ಫುಲ್. ಹಿಂದಿನ ಕಾಂಪೌಂಡ್ ಗೋಡೆಯ ಒಳಮಗ್ಗುಲಲ್ಲಿ ಅರಳಿ ಗಿಡವೊಂದು ಯಾರೂ ನೆಡದೆ, ಯಾರೂ ನೀರು ಹಾಕದೆ ಮರವಾಯಿತು.

ಇದನ್ನೆಲ್ಲ ಓದಿ ನನಗೆ ಟಾಕೀಸಿನ ಮೇಲೆ ಭಾರಿ ಪ್ರೀತಿ ಇತ್ತು ಅಂದುಕೊಳ್ಳಬೇಡಿ. ಅದು ನಡೆಯುತ್ತಿದ್ದಾಗಲೂ ನಮಗೆ ಕಾಟವೇ. ಸೆಕೆಂಡ್ ಶೋ ಬಿಟ್ಟಾಗ ನಮ್ಮ ಗೇಟಿನ ಮುಂದೆ ನಿಂತು ಕೂಗಾಡುವವರು, ಹೊಸ ಪಿಕ್ಚರ್ ಬಂದಾಗ ಬೆಳಗಿನಿಂದಲೇ ಪಟಾಕಿ ಹೊಡೆಯುವವರು. ಮುಚ್ಚಿದ ದಿನ ಸದ್ಯ ಪೀಡೆ ತೊಲಗಿತು ಅಂತ ಪಾಯಸ ಮಾಡಿದವಳು ನಾನು. ಆ ಪಾಯಸ ನೆನೆದರೆ ಈಗ ನನಗೇ ನಗು ಬರುತ್ತದೆ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾದವಳು. ಹಾಗಾಗಿ ನಮ್ಮ ರಸ್ತೆಯಲ್ಲಿ ಅರ್ಜಿ ಬರೆಯುವ ಕೆಲಸ ತಾನಾಗಿ ನನ್ನ ತಲೆಗೆ ಬಂತು. ಸೊಳ್ಳೆಗೆ ಒಂದು ಅರ್ಜಿ, ಬೀದಿನಾಯಿಗೆ ಒಂದು, ಒಳಗಿಂದ ಹಾವು ಬಂದದ್ದಕ್ಕೆ ಒಂದು. ಬಂದ ಉತ್ತರ ಮಾತ್ರ ಎಲ್ಲಕ್ಕೂ ಒಂದೇ: ಖಾಸಗಿ ಸ್ವತ್ತು, ಪ್ರಕರಣ ನ್ಯಾಯಾಲಯದಲ್ಲಿದೆ. ಇಂಥ ಉತ್ತರಗಳನ್ನು ನಾನೇ ನನ್ನ ಸರ್ವಿಸಿನಲ್ಲಿ ಎಷ್ಟು ಜನಕ್ಕೆ ಟೈಪ್ ಮಾಡಿಸಿ ಕಳಿಸಿದ್ದೆನೋ. ಈಗ ಕೈಗೆ ಸಿಕ್ಕಾಗ ಎಷ್ಟು ಉರಿಯುತ್ತದೆ ಅಂತ ಗೊತ್ತಾಯಿತು.

ಅರ್ಜಿ ಬರೆದು ಸುಮ್ಮನಾಗಬಹುದಿತ್ತು. ರಸ್ತೆಯ ಉಳಿದವರು ಹಾಗೇ ಸುಮ್ಮನಾದರು. ನನಗೆ ಆಗಲಿಲ್ಲ, ಕಾರಣ ನಮ್ಮ ಮನೆಯವರು.

ಇವರಿಗೆ ಗ್ಲಾಕೋಮಾ. ಮೊದಲು ಬಲಗಣ್ಣು ಹೋಯಿತು, ಆಮೇಲೆ ಎಡಗಣ್ಣೂ ಹೋಗಿ ಈಗ ಬೆಳಕು ಯಾವ ಕಡೆಯಿದೆ ಅನ್ನುವಷ್ಟು ಮಾತ್ರ ತಿಳಿಯುತ್ತದೆ. ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಯಂತ್ರದಿಂದ ಇಳಿದ ಭಾಗವನ್ನು ಅಳತೆಗೆ ಹಿಡಿಯುವ ಮೊದಲೇ ಬೆರಳಲ್ಲಿ ಸವರಿ ಇದು ರಿಜೆಕ್ಟ್ ಎಂದು ಪಕ್ಕಕ್ಕಿಡುತ್ತಿದ್ದರಂತೆ. ಕಣ್ಣು ಹೋದ ಮೇಲೆ ಅವರು ಒಂದಿಷ್ಟು ಕೆಲಸಗಳನ್ನು ಬಿಟ್ಟರು. ಬ್ಯಾಂಕಿಗೆ ನಾನು, ತರಕಾರಿಗೆ ನಾನು, ಮದುವೆ ಮುಂಜಿಗೆ ನನ್ನ ತೋಳು ಹಿಡಿದು. ಒಂದನ್ನು ಮಾತ್ರ ಬಿಡಲಿಲ್ಲ. ಬೆಳಗ್ಗೆ ಆರೂವರೆಗೆ ಪಾರ್ಕಿಗೆ ಒಬ್ಬರೇ ಹೋಗುವುದು, ಏಳೂವರೆಗೆ ಒಬ್ಬರೇ ಬರುವುದು.

ದಾರಿ ಸುಲಭದ್ದು. ನಮ್ಮ ಗೇಟಿನಿಂದ ಎಡಕ್ಕೆ ಆರು ಹೆಜ್ಜೆ ಹಾಕಿದರೆ ಟಾಕೀಸಿನ ಕಾಂಪೌಂಡ್ ಗೋಡೆ ಶುರು. ಅದು ಮುಗಿಯುವ ಕಡೆ ಪಾರ್ಕಿನ ಕಂಬಿ ಬೇಲಿ. ಬಲಗೈಯಲ್ಲಿ ಕೋಲು, ಎಡಗೈ ಗೋಡೆಯ ಮೇಲೆ. ಎದುರು ಪಕ್ಕದಲ್ಲಿ ಹೋಗುವ ಹಾಗಿಲ್ಲ. ಅಲ್ಲಿ ಒಂದರ ಹಿಂದೊಂದು ಕಾರು, ಪ್ರತಿ ಗೇಟಿಗೂ ಇಳಿಜಾರು. ಶುರುವಿನಲ್ಲಿ ನಾನೂ ಬರ್ತೀನಿ ಅಂತ ಹಟ ಮಾಡಿದ್ದೆ. "ನೋಡು, ದಿನದಲ್ಲಿ ಒಂದು ಗಂಟೆ ನಾನು ಯಾರಿಗೂ ಭಾರ ಇಲ್ಲ. ಅದನ್ನ ಕಿತ್ಕೋಬೇಡ," ಅಂದರು. ಅಷ್ಟು ಹೇಳಿದ ಮೇಲೆ ನಾನು ಗೇಟಿನಲ್ಲಿ ನಿಂತು ನೋಡುವುದನ್ನೂ ಬಿಟ್ಟೆ. ನಿಂತರೆ ಅವರಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು.

ಟಾಕೀಸು ಪಾಳು ಬಿದ್ದ ಮೇಲೆ ಆ ಗೋಡೆಯ ಬುಡ ಇಡೀ ಬಡಾವಣೆಯ ಕಸದ ತೊಟ್ಟಿಯಾಯಿತು. ಬೆಳಗ್ಗೆ ಕಸದ ಗಾಡಿ ಬರುವಾಗ ಮಲಗಿರುವ ಜನ ಆಫೀಸಿಗೆ ಹೊರಟಾಗ ಬೈಕಿನಿಂದಲೇ ಕವರ್ ಎಸೆದು ಹೋಗುತ್ತಿದ್ದರು. ಕಟ್ಟಡ ಒಡೆದ ಮಣ್ಣು, ಹರಿದ ಹಾಸಿಗೆ, ಮಾಂಸದಂಗಡಿಯ ಚೀಲ, ಎಲ್ಲ ಅಲ್ಲೇ. ಅದರ ಜೊತೆ ಗಂಡಸರು. ಮುಖ್ಯರಸ್ತೆಯ ಅಂಗಡಿಗಳವರು, ಆಟೋದವರು, ಟೈ ಕಟ್ಟಿದವರು, ಎಲ್ಲರಿಗೂ ಮೂತ್ರಕ್ಕೆ ನಮ್ಮ ರಸ್ತೆಯೇ ಬೇಕು. ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು ಎಂದು ಬೋರ್ಡ್ ಹಾಕಿಸಿದರು. ಜನ ಬೋರ್ಡಿನ ಕೆಳಗೆ ನಿಂತು ಮಾಡಿದರು. ಬೋರ್ಡಿನ ನೆರಳು ಬೇರೆ ಸಿಕ್ಕಿತಲ್ಲ.

ಒಂದು ದಿನ ಇವರು ಪಾರ್ಕಿಗೆ ಹೊರಟವರು ಹತ್ತೇ ನಿಮಿಷದಲ್ಲಿ ವಾಪಸು ಬಂದರು. ಕಸ ತಪ್ಪಿಸಲು ಗೋಡೆ ಬಿಟ್ಟು ರಸ್ತೆಗಿಳಿದಿದ್ದಾರೆ, ಸ್ಕೂಟರಿನವನು ಮೊಣಕೈಗೆ ಸವರಿಕೊಂಡು ಹೋಗಿದ್ದಾನೆ. ಬಿದ್ದಿರಲಿಲ್ಲ. ಒಂದು ಚಪ್ಪಲಿ ಮಾತ್ರ ಎಲ್ಲೋ ಕೊಳೆಯಲ್ಲಿ ಸಿಕ್ಕಿಕೊಂಡು ಉಳಿದಿತ್ತು. ಹೊರಗಿನ ನಲ್ಲಿಯಲ್ಲಿ ಬಹಳ ಹೊತ್ತು ಕಾಲು ತೊಳೆದರು. ಮಾರನೆಯ ದಿನ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಹಾಲ್‌ನಲ್ಲಿ ರೇಡಿಯೋ ಹಾಕಿಕೊಂಡು ಕೂರುತ್ತಿದ್ದರು. ಯಾವ ಸ್ಟೇಷನ್ ಬರುತ್ತಿದೆ ಅನ್ನುವುದೂ ಗಮನದಲ್ಲಿರುತ್ತಿರಲಿಲ್ಲ.

ಆಗಲೇ ನನಗೆ ಟೈಲ್ಸ್ ಹೊಳೆದದ್ದು. ನೀವೂ ನೋಡಿರುತ್ತೀರಿ, ನಮ್ಮೂರಿನಲ್ಲಿ ಮೂತ್ರ ನಿಲ್ಲಿಸಬೇಕಾದ ಗೋಡೆಗೆಲ್ಲ ದೇವರ ಟೈಲ್ಸ್ ಇರುತ್ತದೆ. ಸಾರಕ್ಕಿ ಕಡೆ ಒಂದು ಟೈಲ್ಸ್ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು ನಾನು ಬಾಯಿ ಬಿಡುವ ಮೊದಲೇ, "ಕಾಂಪೌಂಡ್‌ಗಾ ಮೇಡಂ? ಅದಕ್ಕೆ ಸೆಟ್ಟೇ ಇದೆ," ಅಂದರು. ಸೆಟ್ಟಿನಲ್ಲಿ ಗಣೇಶ, ವೆಂಕಟರಮಣ, ಆಂಜನೇಯ, ಲಕ್ಷ್ಮಿ, ಜೊತೆಗೆ ಒಂದು ಶಿಲುಬೆ, ಒಂದು ಮಸೀದಿಯ ಚಿತ್ರ. "ಎಲ್ಲಾರೂ ಕವರ್ ಆಗ್ಬೇಕಲ್ಲ ಮೇಡಂ. ಇಲ್ದಿದ್ರೆ ಒಬ್ರು ಬಿಟ್ರೆ ಇನ್ನೊಬ್ರು ಬರ್ತಾರೆ." ಇಷ್ಟು ತಿಳಿವಳಿಕೆಯ ಮಾತನ್ನು ನಾನು ನಮ್ಮ ಸಂಘದ ಯಾವ ಮೀಟಿಂಗಿನಲ್ಲೂ ಕೇಳಿರಲಿಲ್ಲ. ನಾಲ್ಕು ಸೆಟ್ ತಂದೆ.

ಕೂಲಿಯವರನ್ನು ಕರೆಸಿ ಗೋಡೆಯ ಬುಡ ತೊಳೆಸಿ, ಹತ್ತು ಹತ್ತು ಹೆಜ್ಜೆಗೊಂದರಂತೆ ಅಂಟಿಸಿದೆ. ನಾನೇ ನಿಂತು ಮಾಡಿಸಿದ ಕೆಲಸ. ಪೂಜೆ ಗೀಜೆ ಏನೂ ಮಾಡಲಿಲ್ಲ. ನನಗೆ ಬೇಕಾಗಿದ್ದದ್ದು ದೇವರಲ್ಲ, ಕಾವಲು. ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಜನ ಕೈಮುಗಿದರು. ಅಧ್ಯಕ್ಷರು ಸಂಘದ ಹೆಮ್ಮೆಯ ಕೆಲಸ ಅಂತ ಫೋಟೋ ಹಾಕಿದರು.

ಕೆಲಸ ಮಾಡಿತು, ಮಂತ್ರ ಹಾಕಿದ ಹಾಗೆ. ಒಂದೇ ವಾರಕ್ಕೆ ಕಸ ನಿಂತಿತು. ಗಂಡಸರು ಗೋಡೆಯ ಹತ್ತಿರ ಬಂದು ಒಂದು ಕ್ಷಣ ತಡೆದು, ಮೊಬೈಲ್ ನೋಡುವವರ ಹಾಗೆ ನಟಿಸಿ ಮುಂದೆ ಹೋಗುವುದನ್ನು ಮಹಡಿಯಿಂದ ನೋಡಿ ನಾನು ಹೊಟ್ಟೆ ತುಂಬ ನಕ್ಕೆ. ಇವರು ಹೊಸ ಚಪ್ಪಲಿ ಹಾಕಿಕೊಂಡು ಮತ್ತೆ ಪಾರ್ಕಿಗೆ ಹೊರಟರು. ಮೊದಲ ದಿನ ಏಳೂವರೆಯ ಬದಲು ಎಂಟಕ್ಕೆ ಬಂದರು. ಬೇಕಂತಲೇ ತಡ ಮಾಡಿದ್ದಾರೆ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಜನ ದೇವರನ್ನು ಬರಿದೇ ಬಿಡುವವರಲ್ಲ. ಮೊದಲು ಯಾರೋ ಒಂದು ಗಣೇಶನಿಗೆ ಕುಂಕುಮ ಇಟ್ಟರು. ಶುಕ್ರವಾರ ಲಕ್ಷ್ಮಿಯ ಮುಂದೆ ದೀಪ. ಆಮೇಲೆ ಗಾಜು ಒಡೆದ ದೇವರ ಫೋಟೋಗಳನ್ನು, ಮನೆಯಲ್ಲಿ ಇಡಲಾಗದೆ ಬಿಸಾಡಲೂ ಆಗದೆ, ತಂದು ಗೋಡೆಗೆ ಒರಗಿಸಿ ಹೋದರು. ಗೋಡೆಯ ನಡುಮಧ್ಯದಲ್ಲಿ ಒಳಗಿನ ಅರಳಿ ಮರದ ಕೊಂಬೆಯೊಂದು ಹೊರಗೆ ಬಾಗಿತ್ತು, ಅದರ ಕೆಳಗಿನ ಗಣೇಶನಿಗೆ ಸಿಮೆಂಟಿನ ಕಟ್ಟೆ ಬಂತು, ಮೇಲೆ ತಗಡು ಬಂತು. ಯಾರು ಕಟ್ಟಿಸಿದರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಕಟ್ಟೆಯ ಪಕ್ಕ ಹೂವಿನವಳು ಬಂದು ಕೂತಳು. ಹೊಸಕೆರೆಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ನಲವತ್ತರ ಆಚೀಚೆಯ ಹೆಂಗಸು, ಗಟ್ಟಿ ಗಂಟಲು. ಆರು ಗಂಟೆಗೆಲ್ಲ ಬುಟ್ಟಿ ಇಳಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತರೆ ಹತ್ತರವರೆಗೆ ಮಾಲೆ ಕಟ್ಟುವುದು. ನನಗೆ ಮೊದಮೊದಲು ಅವಳನ್ನು ಕಂಡರೆ ಸಿಟ್ಟು. ಫುಟ್‌ಪಾತಿನ ಅರ್ಧ ಅವಳದೇ ಆಯಿತು, ಇವರು ಹೇಗೆ ದಾಟುತ್ತಾರೆ ಅಂತ. ಒಂದು ಬೆಳಗ್ಗೆ ಜಗಳಕ್ಕೇ ಹೋದೆ. ಹೋದವಳಿಗೆ ಕಂಡದ್ದು ಬೇರೆ. ಇವರು ಕಟ್ಟೆಯ ಹತ್ತಿರ ಬರುತ್ತಿದ್ದ ಹಾಗೆ ಅವಳು ಬುಟ್ಟಿ ಎಳೆದುಕೊಂಡು, "ಅಂಕಲ್, ದೀಪ ಐತೆ, ಕೈ ವಸಿ ಮೇಲೆ ಹಿಡ್ಕೊಳಿ. ಹ್ಞಾಂ, ಈಗ ಬನ್ನಿ," ಎಂದಳು. ಇವರು ಮೂರು ಹೆಜ್ಜೆ ಗೋಡೆಯ ಮೇಲ್ಭಾಗ ಹಿಡಿದು ದಾಟಿ, "ಇವತ್ತು ಸೇವಂತಿಗೆ ಜಾಸ್ತಿ ಬಂದಿದೆ ಅಲ್ವಾ?" ಅಂದರು. ವಾಸನೆಯಿಂದ ಗೊತ್ತಾಗಿತ್ತು. ನಾನು ಜಗಳದ ಬದಲು ಎರಡು ಮೊಳ ಮಲ್ಲಿಗೆ ತೆಗೆದುಕೊಂಡು ಬಂದೆ.

ಮಳೆಗಾಲ ಶುರುವಾಗಿ ಎರಡು ವಾರವಾಗಿತ್ತು. ಪಾರ್ಕಿನಿಂದ ಬಂದು ಕಾಫಿ ಕುಡಿಯುತ್ತಾ ಇವರು, "ಗೋಡೆ ಹೊಟ್ಟೆ ಬಿಡ್ತಾ ಇದೆ ಕಣೆ," ಅಂದರು.

"ನಿಮ್ಮ ಹಾಗೇ," ಅಂದೆ. ಇವರು ನಗಲಿಲ್ಲ.

ಸಂಜೆ ನನ್ನನ್ನೇ ಕರೆದುಕೊಂಡು ಹೋದರು. ಒಂದು ದಾರದ ತುದಿಗೆ ಭಾರದ ನಟ್ಟು ಕಟ್ಟಿದ್ದರು. ನನ್ನನ್ನು ಕಟ್ಟೆಯ ಮೇಲೆ ಹತ್ತಿಸಿ ಗೋಡೆಯ ನೆತ್ತಿಯಿಂದ ದಾರ ಇಳಿಬಿಡಿಸಿದರು. ನೆಟ್ಟಗಿರುವ ಗೋಡೆಯಾದರೆ ದಾರ ಗೋಡೆಗೆ ಅಂಟಿಕೊಂಡೇ ಇಳಿಯಬೇಕು. ಇಲ್ಲಿ ಬುಡದಲ್ಲಿ ನಟ್ಟಿಗೂ ಗೋಡೆಗೂ ನಡುವೆ ಇವರ ಎರಡು ಬೆರಳು ಹಿಡಿಸಿತು. ಒಳಗಿನ ಅರಳಿ ಬೇರು ಗೋಡೆಯನ್ನು ರಸ್ತೆ ಕಡೆಗೆ ನೂಕುತ್ತಿತ್ತು. ಹತ್ತು ದಿನ ಬಿಟ್ಟು ಮತ್ತೆ ನೋಡಿದಾಗ ಮೂರು ಬೆರಳು. ಇನ್ನೊಂದು ದೊಡ್ಡ ಮಳೆಯ ಮೇಲೆ ನಾಲ್ಕು. ಅತಿ ಹೆಚ್ಚು ಬಾಗಿದ್ದದ್ದು ಕಟ್ಟೆ ಇದ್ದ ಕಡೆ, ಹೂವಿನವಳು ಬೆನ್ನು ಕೊಟ್ಟು ಕೂರುತ್ತಿದ್ದ ಜಾಗದಲ್ಲಿ.

ಕಣ್ಣಿದ್ದ ನಾವು ನಲವತ್ತು ಮನೆಯವರು ದಿನಾ ಅದೇ ಗೋಡೆಯ ಪಕ್ಕ ಓಡಾಡುತ್ತಿದ್ದೆವು. ಕಂಡಿದ್ದು ಇವರೊಬ್ಬರಿಗೆ.

ಈ ಸಲ ನಾನು ಬರೆದ ಅರ್ಜಿ ಬೇರೆಯದೇ. ಸೊಳ್ಳೆ ಗಿಳ್ಳೆ ಏನೂ ಇಲ್ಲ. ಸಾರ್ವಜನಿಕರ ಜೀವಕ್ಕೆ ಅಪಾಯವಿದೆ, ತಿಳಿಸಿದ ಮೇಲೂ ಕ್ರಮ ಕೈಗೊಳ್ಳದೆ ಅನಾಹುತವಾದರೆ ಸಂಬಂಧಪಟ್ಟ ಅಧಿಕಾರಿಯೇ ವೈಯಕ್ತಿಕವಾಗಿ ಹೊಣೆ ಎಂದು ಬರೆದು, ವಾರ್ಡ್ ಆಫೀಸಿನಲ್ಲಿ ಸೀಲು ಹಾಕಿಸಿಕೊಂಡು ಬಂದೆ. ಸರ್ಕಾರಿ ನೌಕರರನ್ನು ಕುರ್ಚಿಯಿಂದ ಎಬ್ಬಿಸುವ ಸಾಲು ಯಾವುದು ಅಂತ ನನಗೆ ಚೆನ್ನಾಗಿ ಗೊತ್ತು. ನಾಲ್ಕನೇ ದಿನ ಎಂಜಿನಿಯರ್ ಬಂದರು. ಗೋಡೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದು ಫೋಟೋ ತೆಗೆದರು. "ಇದನ್ನ ಕೆಡವಲೇಬೇಕು ಮೇಡಂ. ಕೆಡವಿ ಹೊಸ ಕಾಂಪೌಂಡ್ ಹಾಕಿಸೋಣ ಬಿಡಿ," ಅಂದರು. ಮೂರು ವಾರಕ್ಕೆ ಆದೇಶದ ಪ್ರತಿ ಮನೆಗೆ ಬಂತು. ಇಷ್ಟು ವರ್ಷದಲ್ಲಿ ನನ್ನ ಅರ್ಜಿಯೊಂದು ಗೆದ್ದದ್ದು ಅದೇ ಮೊದಲು. ಇವರಿಗೆ ಗಟ್ಟಿಯಾಗಿ ಓದಿ ಹೇಳಿ, ಫೋಟೋ ತೆಗೆದು ಗುಂಪಿಗೆ ಹಾಕಿದೆ.

ಜೆಸಿಬಿ ಬಂದ ದಿನ ಇಡೀ ರಸ್ತೆ ಗೇಟಿಗೆ ಬಂದು ನಿಂತಿತ್ತು. ಆಪರೇಟರ್ ಗಾಡಿ ತಿರುಗಿಸಿ, ಬಕೆಟ್ ಎತ್ತಿ, ಗೋಡೆಯ ಮೇಲಿನ ಗಣೇಶನನ್ನು ನೋಡಿದ. ಎಂಜಿನ್ ಆಫ್ ಮಾಡಿದ. ಇಳಿದು, ಚಪ್ಪಲಿ ಬಿಟ್ಟು, ಕೈಮುಗಿದು, ಕುಂಕುಮ ಹಚ್ಚಿಕೊಂಡು ನಮ್ಮ ಕಡೆ ತಿರುಗಿದ. "ಇದರ ಮೇಲೆ ಬಕೆಟ್ ಹಲ್ಲು ಇಡಕ್ಕಾಗಲ್ಲ ಸಾರ್. ನನಗೂ ಹೆಂಡ್ತಿ ಮಕ್ಕಳವ್ರೆ." ಎಂಜಿನಿಯರ್ ಗದರಿದರು, ಆಮೇಲೆ ಗೋಗರೆದರು. ಅವನು ಗಾಡಿ ರಿವರ್ಸ್ ತೆಗೆದುಕೊಂಡು ಹೋಗಿಯೇ ಬಿಟ್ಟ. ಎಂಜಿನಿಯರ್ ನನ್ನ ಹತ್ತಿರ ಬಂದು, "ಮೇಡಂ, ದೇವರನ್ನ ಕೂರಿಸಿದವರು ನೀವಂತೆ. ನೀವೇ ಎಬ್ಬಿಸಿಕೊಡಿ. ಆಮೇಲೆ ಗಾಡಿ ಕಳಿಸ್ತೀನಿ," ಅಂದರು.

ಸಂಜೆ ಪಾರ್ಕಿನ ಬೆಂಚಿನ ಹತ್ತಿರ ಸಂಘದ ತುರ್ತು ಸಭೆ. ಟೈಲ್ಸ್ ತೆಗೆಯುವವರು ಯಾರು? ಒಬ್ಬರಿಗೆ ಬೆನ್ನು ನೋವು, ಇನ್ನೊಬ್ಬರ ಸೊಸೆ ಬಸುರಿ, ಇಂಥ ಹೊತ್ತಿನಲ್ಲಿ ಅವರ ಮನೆಯವರು ದೇವರನ್ನು ಕೀಳುವ ಹಾಗಿಲ್ಲ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ತಾಂತ್ರಿಕವಾಗಿ ನೋಡಿದ್ರೆ ಟೈಲ್ಸ್ ಹಾಕಿದ್ದು ಸಂಘ ಅಲ್ಲ. ಮೇಡಂ ಅವರು ವೈಯಕ್ತಿಕವಾಗಿ ಹಾಕಿಸಿದ್ದು," ಎಂದರು. ಫೋಟೋ ಹಾಕುವಾಗ ಸಂಘದ ಹೆಮ್ಮೆ, ಕೀಳುವಾಗ ಮೇಡಂ ವೈಯಕ್ತಿಕ! ನನ್ನ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಅಧ್ಯಕ್ಷರು ಆ ಮೇಲೆ ಒಂದು ತಿಂಗಳು ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದರು.

ಹನುಮಂತನಗರದ ಗುಡ್ಡದ ಮೇಲಿನ ದೇವಸ್ಥಾನವೊಂದರಲ್ಲಿ ನನಗೆ ಪರಿಚಯದ ಅರ್ಚಕರಿದ್ದಾರೆ. ಹೋಗಿ ಕೇಳಿದೆ. "ಪ್ರಾಣಪ್ರತಿಷ್ಠೆ ಮಾಡಿದ್ರಾ ಅಮ್ಮಾ?" ಅಂದರು. ಇಲ್ಲ ಅಂದೆ. "ಹಾಗಾದ್ರೆ ಅವು ಟೈಲ್ಸು. ಧಾರಾಳವಾಗಿ ತೆಗೀರಿ." ಇದನ್ನೇ ಬಂದು ನಮ್ಮ ರಸ್ತೆಯವರ ಮುಂದೆ ಒಂದು ಮಾತು ಹೇಳಿ ಅಂದಾಗ ಅವರು ಮುಗುಳ್ನಕ್ಕು, "ಅದೊಂದು ಬೇಡಮ್ಮಾ," ಅಂತ ಒಳಗೆ ಹೋದರು.

ಮನೆಗೆ ಬಂದು ಇವರ ಹತ್ತಿರ ಎಲ್ಲ ಹೇಳಿಕೊಂಡು, "ಬಿಟ್ಟುಬಿಡೋಣ. ನಾಳೆ ಯಾರ ಮನೇಲಿ ಏನಾದ್ರೂ ನನ್ನ ತಲೆಗೇ ಕಟ್ತಾರೆ. ಇನ್ನೊಂದು ಮಳೆಗಾಲ ಗೋಡೆ ತಡೆದೀತು," ಅಂದೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಅಳುಕಿತ್ತು. ಅಂಟಿಸುವಾಗ ಟೈಲ್ಸಾಗಿದ್ದದ್ದು ಕೀಳುವಾಗ ದೇವರಾಗಿಬಿಟ್ಟಿತ್ತು.

"ತಡೆಯಲ್ಲ," ಅಂದರು. "ಉಳಿ ಎಲ್ಲಿಟ್ಟಿದೀಯ?"

ಮರುದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಹೋದೆವು. ಇವರ ಹಳೆಯ ಪೆಟ್ಟಿಗೆಯ ಉಳಿ, ಸುತ್ತಿಗೆ. ಇವರು ಬೆರಳಿನಿಂದ ಟೈಲಿನ ಅಂಚು ಹುಡುಕಿ, ಉಳಿ ಆನಿಸಿ, ಹಗುರವಾಗಿ ತಟ್ಟುತ್ತಿದ್ದರು. ಒಂದೂ ಒಡೆಯಲಿಲ್ಲ. ನಾನು ಬಿಡಿಸಿದ್ದನ್ನು ಒರೆಸಿ ಚೀಲಕ್ಕಿಡುತ್ತಿದ್ದೆ. ಮಹಡಿಗಳ ಮೇಲಿಂದ ಪರದೆ ಸರಿಸಿ ನೋಡುವವರು ನೋಡಿದರು, ಇಳಿದು ಬರುವವರು ಯಾರೂ ಇಲ್ಲ. ಎಂಟನೆಯದೋ ಒಂಬತ್ತನೆಯದೋ ಬಿಡಿಸುವಾಗ ಹೂವಿನವಳು ಬಂದಳು. ಬುಟ್ಟಿ ತಲೆಯ ಮೇಲೇ ಇತ್ತು.

"ಏನ್ ಆಂಟಿ ಇದು? ನೀವೇ ಅಂಟ್ಸಿ ನೀವೇ ಕೀಳ್ತೀರಾ? ನಾನೆಲ್ಲಿಗೋಗ್ಲಿ?"

"ಗೋಡೆ ಬೀಳುತ್ತೆ ಕಣಮ್ಮಾ."

"ಯಾವತ್ತಿಂದ ಬೀಳ್ತೈತೆ ಅಂತೀರಾ, ಬಿದ್ದೈತಾ? ದೇವ್ರೇ ಹಿಡ್ಕೊಂಡವ್ನೆ. ನಿಮ್ಗೆ ಬೇಕಾದಾಗ ದೇವ್ರು, ಬ್ಯಾಡ್ವಾದಾಗ ಕಲ್ಲು. ದೊಡ್ಡೋರು ಮಾಡೋ ಕೆಲ್ಸನಾ ಇದು?"

ಆ ಮಾತು ನಿಜವಾಗಿತ್ತು. ಇವರು ಉಳಿ ಕೆಳಗಿಟ್ಟರು. "ಅಮ್ಮಾ, ಬುಟ್ಟಿ ಇಳಿಸು. ಕೈ ಕೊಡಿಲ್ಲಿ," ಅಂದರು. ಅವಳ ಅಂಗೈಯನ್ನು ಗೋಡೆಗೆ ಒತ್ತಿ ಬುಡದಿಂದ ನಿಧಾನವಾಗಿ ಮೇಲಕ್ಕೆ ಸವರಿಸಿದರು, ಅವಳು ದಿನಾ ಒರಗುತ್ತಿದ್ದ ಜಾಗದಲ್ಲೇ. ಬಿರುಕಿನ ಹತ್ತಿರ ಬಂದಾಗ ನಿಲ್ಲಿಸಿದರು. ಒಳಗಿಂದ ಮಣ್ಣು ಸಣ್ಣಗೆ ಉದುರುತ್ತಿತ್ತು. ಅವಳು ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಬುಟ್ಟಿಯನ್ನು ರಸ್ತೆಯ ಆಚೆ ಹಾಲಿನ ಬೂತಿನ ಪಕ್ಕ ಇಟ್ಟು ಬಂದು, ಸೆರಗು ಸಿಕ್ಕಿಸಿ, ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಟೈಲ್ಸ್ ಒರೆಸತೊಡಗಿದಳು. ಒಂದೊಂದನ್ನೂ ಚೀಲಕ್ಕಿಡುವ ಮೊದಲು ಕಣ್ಣಿಗೊತ್ತಿಕೊಂಡಳು. ಜನ ಒರಗಿಸಿ ಹೋಗಿದ್ದ ಒಡಕು ಫೋಟೋಗಳನ್ನೂ, ಶಿಲುಬೆಯನ್ನೂ, ಮಸೀದಿಯನ್ನೂ ಬಿಡಲಿಲ್ಲ.

ಎರಡು ದಿನ ಬಿಟ್ಟು ಜೆಸಿಬಿ ಬಂತು, ಅದೇ ಆಪರೇಟರ್. ಬಕೆಟಿನಿಂದ ನೂಕಬೇಕಾಗಿಯೂ ಬರಲಿಲ್ಲ. ಮುಟ್ಟಿದ್ದೇ ತಡ, ಕಟ್ಟೆಯ ಹತ್ತಿರದ ಭಾಗ ಪೂರ್ತಿ ರಸ್ತೆಗೆ ಮಗುಚಿಬಿತ್ತು. ನಮ್ಮ ಕಿಟಕಿ ಅದುರಿತು. ಅರ್ಧ ಗಂಟೆಯಲ್ಲಿ ಎಲ್ಲ ನೆಲಸಮ. ಗೋಡೆ ಹೋದ ಮೇಲೆ ಟಾಕೀಸು ಮೊದಲ ಸಲ ಪೂರ್ತಿ ಕಂಡಿತು. ತುಕ್ಕು ಹಿಡಿದ ಬಾಗಿಲು, ಗೋಡೆ ತುಂಬ ಹಸಿರು ಪಾಚಿ, ನಿಂತ ನೀರು. ಗುಂಪಿನಲ್ಲಿ ನಲವತ್ತು ಜನ ಮತ್ತೆ ಕೈಮುಗಿದರು. ಹೂವಿನವಳು ಹಾಲಿನ ಬೂತಿನ ಪಕ್ಕದಲ್ಲೇ ಉಳಿದಳು. ವ್ಯಾಪಾರ ಮೊದಲಿನಷ್ಟಿಲ್ಲ, ಆದರೂ ನಡೆಯುತ್ತದೆ ಅಂದಳು. ನಾನು ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಬೆಳಗ್ಗೆ ಎದ್ದು ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದೆ. ಇವರು ಎಂದಿನಂತೆ ಕೋಲು ಹಿಡಿದು ಹೊರಟರು. ಎಡಕ್ಕೆ ಆರು ಹೆಜ್ಜೆ. ಎಡಗೈ ಚಾಚಿದರು. ಏನೂ ಸಿಗಲಿಲ್ಲ. ಇನ್ನೆರಡು ಹೆಜ್ಜೆ ಇಟ್ಟರು. ಕೋಲು ಇಟ್ಟಿಗೆಯ ರಾಶಿಗೆ ಹೋಗಿ ಸಿಕ್ಕಿತು, ಬಿಡಿಸಿಕೊಂಡು ಪಕ್ಕಕ್ಕೆ ತಿರುಗಿದರು, ಮತ್ತೆ ತಿರುಗಿದರು. ಈಗ ಯಾವ ಕಡೆಗೆ ಮುಖ ಮಾಡಿ ನಿಂತಿದ್ದಾರೆ ಅನ್ನುವುದು ಅವರಿಗೇ ತಿಳಿಯುತ್ತಿಲ್ಲ ಅಂತ ನನಗೆ ಗೊತ್ತಾಯಿತು. ಹಿಂದಿನಿಂದ ಸ್ಕೂಟರಿನವರು ಹಾರ್ನ್ ಹೊಡೆದರು. ನಾನು ಓಡಿಹೋಗುವಷ್ಟರಲ್ಲಿ ಅವರೇ ಹೇಗೋ ನಮ್ಮ ಗೇಟಿನ ಕಂಬಿ ಹುಡುಕಿಕೊಂಡು ಒಳಗೆ ಬಂದು ಜಗಲಿಯ ಮೇಲೆ ಕೂತರು.

"ಸ್ವಲ್ಪ ದಿನ ತಡ್ಕೊಳ್ಳಿ. ಹೊಸ ಕಾಂಪೌಂಡ್ ಬಂದ್ರೆ ಸರಿಹೋಗತ್ತೆ," ಅಂದೆ.

"ಬರಲ್ಲ ಕಣೆ."

"ಎಂಜಿನಿಯರ್ ಹೇಳಿದಾರಲ್ರೀ."

"ಅವರು ಬಾಯಲ್ಲಿ ಹೇಳಿದ್ದು. ಆರ್ಡರಲ್ಲಿ ಇಲ್ಲ. ನೀನೇ ಓದಿ ಹೇಳಿದ್ಯಲ್ಲ."

ಒಳಗೆ ಹೋಗಿ ಆದೇಶದ ಪ್ರತಿ ತೆಗೆದು ನೋಡಿದೆ. ಗೋಡೆ ಕೆಡವುವುದು, ಅವಶೇಷ ಸಾಗಿಸುವುದು, ಅಷ್ಟೇ. ಕೊನೆಯ ಸಾಲಿನಲ್ಲಿ, ಪ್ರಕರಣ ಮುಗಿಯುವವರೆಗೆ ಆ ಜಾಗದಲ್ಲಿ ಯಾರೂ ಯಾವುದೇ ಹೊಸ ನಿರ್ಮಾಣ ಮಾಡುವಂತಿಲ್ಲ ಎಂದು ಸ್ಪಷ್ಟವಾಗಿ ಇತ್ತು. ಆ ಸಾಲನ್ನು ನಾನೇ, ನನ್ನ ಬಾಯಿಂದಲೇ, ಗೆದ್ದ ಸಂಭ್ರಮದಲ್ಲಿ ಗಟ್ಟಿಯಾಗಿ ಓದಿದ್ದೆ. ಸರ್ವಿಸ್ ಪೂರ್ತಿ ಕೊನೆಯ ಸಾಲು ನೋಡದೆ ಒಂದು ಫೈಲಿಗೂ ಸಹಿ ಹಾಕದಿದ್ದವಳು ನನ್ನ ಮನೆಗೇ ಬಂದ ಕಾಗದವನ್ನು ಓದಿಯೂ ಕೇಳಿಸಿಕೊಂಡಿರಲಿಲ್ಲ. ಇವರು ಕೇಳಿಸಿಕೊಂಡಿದ್ದರು.

ಹೊರಗೆ ಬಂದೆ. ಇವರು ಇನ್ನೂ ಕೋಲು ಹಿಡಿದೇ ಕೂತಿದ್ದರು.

"ಗೊತ್ತಿದ್ದೂ ಉಳಿ ಹಿಡಿದ್ರಾ? ನಾನು ಬಿಡೋಣ ಅಂದಾಗಲೂ ಒಂದು ಮಾತು ಹೇಳಲಿಲ್ವಲ್ರೀ."

"ಹೇಳಿದ್ರೆ ನೀನು ತೆಗೆಯೋಕೆ ಬಿಡ್ತಿದ್ಯಾ?" ಅಂದರು. "ಅವಳು ದಿನಾ ಅದರ ಕೆಳಗೇ ಕೂರ್ತಿದ್ಲು ಕಣೆ."

ನನಗೆ ಅವರ ಮೇಲೆ ಸಿಟ್ಟು ಬಂತು, ಎಂಜಿನಿಯರ್ ಮೇಲೆ ಬಂತು, ಮಾಲ್ ಬೇಕು ಛತ್ರ ಬೇಕು ಎಂದು ಕಿತ್ತಾಡುವ ಆ ಅಣ್ಣತಮ್ಮಂದಿರ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಬಂತು. ಚಪ್ಪಲಿ ಮೆಟ್ಟಿದೆ.

"ಏಳಿ. ನಾನು ಬರ್ತೀನಿ," ಎಂದು ಕೈ ಚಾಚಿದೆ. ಬೇಡ ಅಂತಾರೆ ಅಂತ ಕಾದೆ. ಅನ್ನಲಿಲ್ಲ. ಗಾಳಿಯಲ್ಲಿ ತಡಕಾಡಿ ನನ್ನ ಕೈ ಹಿಡಿದುಕೊಂಡರು.